ಒಡೆಯದ ಲಕೋಟೆ

ಸೊಸೆ ತೀರಿಕೊಂಡ ಸುದ್ದಿ ಬಂದದ್ದು ಬೆಳಗಿನ ಹತ್ತು ಗಂಟೆಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರ ಮಡಿಸುತ್ತಿದ್ದವಳು ನಿಂತಲ್ಲೇ ಕುಸಿದಳಂತೆ. ಮಗ ಹೋದ ಮೇಲೆ ಆ ಮನೆಗೆ ಮಗನೂ ಅವಳೇ, ಸೊಸೆಯೂ ಅವಳೇ. ಈಗ ಉಳಿದವರು ಇಬ್ಬರು: ಎಪ್ಪತ್ತೆಂಟರ ಮಾವ, ಕಾಲೇಜಿಗೆ ಹೋಗುವ ಮೊಮ್ಮಗಳು.

ತಿಂಗಳು ಕಳೆದು ಇಬ್ಬರೂ ಪಿಂಚಣಿಗಾಗಿ ಆಸ್ಪತ್ರೆಯ ಕಚೇರಿಗೆ ಹೋದರು. ಗುಮಾಸ್ತ ಸೇವಾ ಪುಸ್ತಕ ಮಗುಚಿ ತಲೆ ಕೆರೆದುಕೊಂಡ.

“ಸೇರಿ ಹತ್ತು ವರ್ಷ ನಾಲ್ಕು ತಿಂಗಳಾಗಿದೆ ಯಜಮಾನ್ರೇ. ನಡುವೆ ಹದಿನಾಲ್ಕು ತಿಂಗಳು ಸಂಬಳವಿಲ್ಲದ ರಜೆ. ಅದು ಸೇವೆಗೆ ಸೇರಲ್ಲ. ನಮ್ಮ ಆಸ್ಪತ್ರೆ ನಿಯಮದಲ್ಲಿ ಹತ್ತು ವರ್ಷ ತುಂಬದೆ ಮಗಳಿಗೆ ಪಿಂಚಣಿ ಬರಲ್ಲ.”

“ರಜೆ ಹಾಕಿದ್ದು ಮೋಜಿಗಲ್ಲಪ್ಪ. ನನಗೆ ಲಕ್ವ ಹೊಡೆದಿತ್ತು.”

“ಯಾತಕ್ಕೆ ಹಾಕಿದ್ರೂ ಅಷ್ಟೇ. ರಜೆ ಕಾಲದ ಪಿಂಚಣಿ ವಂತಿಗೆ ಅವರೇ ಕಟ್ಟಿದ್ರೆ ಆ ತಿಂಗಳೂ ಸೇರ್ತಿತ್ತು. ಕಟ್ಟಿ ಅಂತ ಆಗಲೇ ಮನೆಗೆ ನೋಟಿಸ್ ಕಳಿಸಿದ್ವಿ, ಉತ್ತರಾನೇ ಇಲ್ಲ. ಅದು ಅವರ ಕೈ ಸೇರಿಲ್ಲ ಅನ್ನೋಕೆ ಆಧಾರ ಇದ್ರೆ ಅರ್ಜಿ ಹಾಕಿ, ಈಗಲೂ ಕಟ್ಟಿಸ್ಕೊಂಡ್ರೂ ಕಟ್ಟಿಸ್ಕೊಂಡಾರು. ಇಲ್ದಿದ್ರೆ ಆಸೆ ಬಿಡಿ.”

“ಅಮ್ಮ ಮರೆತಿರ್ಬೇಕು,” ಎಂದಳು ಮೊಮ್ಮಗಳು. ಮುದುಕರು ಎದ್ದು ಬಾಗಿಲ ಕಡೆ ನಡೆದರು.

ಮರೆಯುವವಳಲ್ಲ ಸೊಸೆ. ಹದಿನಾಲ್ಕು ತಿಂಗಳು, ದಿನಕ್ಕೆ ಆರು ಸಲ, ಚಾದರವನ್ನು ಉದ್ದಕ್ಕೆ ಮಡಿಸಿ ಬೆನ್ನಡಿಗೆ ಕೊಟ್ಟು ಅವರನ್ನು ಮಗ್ಗುಲು ಹೊರಳಿಸಿದವಳು. “ಒದ್ದೆ ಚಾದರಕ್ಕಿಂತ ನೀವೇ ಭಾರ ಮಾವ, ಹಿಂಡೋದಕ್ಕೂ ಬರಲ್ಲ” ಎಂದು ನಗಿಸಿದವಳು. ಬೆನ್ನಿಗೊಂದು ಹುಣ್ಣಾಗಲು ಬಿಡಲಿಲ್ಲ. ಅಂಚೆಯವನು ಕಿಟಕಿಯಿಂದ ಎಸೆದ ಕಾಗದ ಅವರ ಹಾಸಿಗೆಗೇ ಬೀಳುತ್ತಿತ್ತು. ಒಂದು ದಿನ ಆಸ್ಪತ್ರೆಯ ಮೊಹರಿದ್ದ ಲಕೋಟೆ ಬಂತು. ಕೆಲಸಕ್ಕೆ ಕರೆದಿದ್ದಾರೆ, ಇವಳು ಹೊರಟರೆ ನನ್ನ ಗತಿಯೇನು ಎಂದು ಹೆದರಿದರು. ಆಡುವ ಒಂದೇ ಕೈಯಿಂದ ಅದನ್ನು ಪ್ರಾರ್ಥನೆಯ ಪುಸ್ತಕದ ಹೊದಿಕೆಯೊಳಗೆ ತುರುಕಿದರು. ಎದ್ದು ಓಡಾಡುವಂತಾದ ಮೇಲೆ ಹೇಳಲು ನಾಚಿಕೆ. ಆರು ವರ್ಷ ಅದೇ ಪುಸ್ತಕ ಹಿಡಿದು ದೇವರನ್ನು ಕರೆದರು.

ಮನೆಗೆ ಬಂದವರೇ ಪುಸ್ತಕದ ಹೊದಿಕೆಯಿಂದ ಲಕೋಟೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಅಂಟು ಬಿಟ್ಟಿರಲಿಲ್ಲ.

“ಪುಟ್ಟಿ, ನನ್ನ ಕೈ ನಡುಗುತ್ತೆ. ನಾನು ಹೇಳ್ತೀನಿ, ನೀನು ಬರಿ. ‘ಈ ಕಾಗದ ನನ್ನ ಸೊಸೆಗೆ ತಲುಪಲಿಲ್ಲ. ನಾನು ಬಚ್ಚಿಟ್ಟೆ.’”

ಪೆನ್ನು ನಿಂತಿತು. ಅವಳು ಲಕೋಟೆಯನ್ನು ನೋಡಿದಳು, ತಾತನ ಮುಖ ನೋಡಲಿಲ್ಲ.

“ಮರೆತೆ ಅಂತ ಬರೀಲಾ ತಾತ?”

“ಬೇಡಮ್ಮ. ಬಚ್ಚಿಟ್ಟೆ ಅಂತ್ಲೇ ಬರಿ.”

ಬರೆದಳು. ಕಾಗದವನ್ನು ಅವರತ್ತ ಸರಿಸಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಮುದುಕರು ಸೊಟ್ಟಸೊಟ್ಟಾಗಿ ಸಹಿ ಹಾಕಿ ಕೈಜೋಡಿಸಿದರು.

ದೇವರೇ, ಮಗುವಿಗೆ ನ್ಯಾಯ ಸಿಗಲಿ. ಅವಳು ನನ್ನ ಮುಖ ನೋಡದಿದ್ದರೂ ಸರಿಯೆ. ನನ್ನನ್ನು ಹೊರಳಿಸಿ ಹೊರಳಿಸಿ ಸೋತ ಆ ಕೈಗಳಿಗೆ ವಿಶ್ರಾಂತಿ ಕೊಡು. ಆ ತಾಯಿಯ ಆತ್ಮಕ್ಕೆ ಶಾಂತಿ ಕೊಡು.