ಅಪ್ಪನ ‘ನೋಡೋಣ’

“ಎಡಕ್ಕೆ, ಎಡಕ್ಕೆ ಅಂದೆ! ಅದು ಬಲ ಕಣಯ್ಯಾ!” ಎಂದು ಸೋದರಮಾವ ಗಂಟಲು ಹರಿದುಕೊಳ್ಳುತ್ತಿದ್ದ. ಹಾಲ್‌ನ ದೊಡ್ಡ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಾಗಿತ್ತು. ತೀರಿಕೊಂಡ ಅಪ್ಪನನ್ನು ಮಲಗಿಸಲು ಜಾಗ ಮಾಡಬೇಕು, ಆಸ್ಪತ್ರೆಯಿಂದ ಗಾಡಿ ಆಗಲೇ ಹೊರಟಿದೆ, ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಒಳಗಿನಿಂದ ಮಾವ ನೂಕುತ್ತಿದ್ದ, ಹೊರಗಿನಿಂದ ಪಕ್ಕದ ಮನೆಯ ಟೈಲರ್ ನೂಕುತ್ತಿದ್ದ. ಇಬ್ಬರೂ ನೂಕಿದರೆ ಸೋಫಾ ತಾನೇ ಏನು ಮಾಡೀತು!

ಆಗಷ್ಟೇ ಬಸ್ಸಿಳಿದು ಬಂದ ಮಗಳು ಬ್ಯಾಗು ಹಿಡಿದು ಮೆಟ್ಟಿಲ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಕಾಲು ಬಿಚ್ಚಿ ಮಾವ. ತಿರುಪಿನ ಕಾಲು ಅದು,” ಎಂದಳು.

ಕಾಲು ಬಿಚ್ಚಿದ ಮೇಲೆ ಸೋಫಾ ಮರುಮಾತಿಲ್ಲದೆ ಹೊರಗೆ ಬಂತು.

“ಅಪ್ಪನ ಮಗಳು ಬಿಡು!” ಮಾವ ಮುಖ ಒರೆಸಿಕೊಂಡ. “ಭಾವನೂ ಹೀಗೇ. ನಾವೆಲ್ಲ ಬೆವರು ಸುರಿಸ್ತಿದ್ರೆ ದೂರ ನಿಂತು ನೋಡ್ತಿದ್ರು.”

ಮಾವ ಹೊಗಳಿಕೆಯೆಂದೇ ಆಡಿದ ಮಾತು. ಅವಳಿಗೆ ಮಾತ್ರ ಚುಚ್ಚಿತು. ಅಪ್ಪ ದೂರ ನಿಂತು ನೋಡುವ ಮನುಷ್ಯ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಮಣ್ಣು ಹಾಕೋಕೆ ಮುಂಚೆ ನೀನು ಎರಡು ಮಾತಾಡ್ಬೇಕಮ್ಮಾ. ಒಬ್ಬಳೇ ಮಗಳು.”

“ನಂಗೇನೂ ಹೊಳೀತಿಲ್ಲ ಮಾವ. ನಾನು ಸಂಜೆ ಬಸ್ಸಿಗೆ ವಾಪಸ್ ಹೋಗ್ತೀನಿ.”

“ಅಯ್ಯೋ, ಅಮ್ಮನ್ನ ಒಬ್ಬಳೇ ಬಿಟ್ಟಾ?”

ಅವಳು ಬ್ಯಾಗನ್ನು ಗೋಡೆಗೆ ಒರಗಿಸಿದಳು. ಅಮ್ಮನ ಜೊತೆ ಇರಬೇಕು ಅನ್ನಿಸುತ್ತಿರಲಿಲ್ಲವೆಂದಲ್ಲ. ಆದರೆ ಅಪ್ಪ ತನ್ನನ್ನು ಬೇಡವೆಂದ ಮನೆಗೆ, ಅಪ್ಪ ಹೋದನೆಂದು ಬಂದು ಕೂರುವುದು ಹೇಗೆ? ಅದೊಂದು ಅವಳಿಂದಾಗದ ಕೆಲಸವಾಗಿತ್ತು.

*

ವರ್ಷಗಳ ಹಿಂದೆ, ಗಂಡನ ಮನೆಯಲ್ಲಿ ಇರಲು ಇನ್ನು ಸಾಧ್ಯವೇ ಇಲ್ಲ ಎನ್ನಿಸಿದ ದಿನ ಅವಳು ಫೋನ್ ಮಾಡಿದ್ದು ಅಮ್ಮನಿಗಲ್ಲ, ಅಪ್ಪನಿಗೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಆ ಹೊತ್ತಿಗೆ ಯಾವುದೋ ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿದ್ದ. ಅವನ ಉಸಿರಿಗಿಂತ ಮೋಟಾರಿನ ಗುಂಯ್ ಸದ್ದೇ ಜೋರಾಗಿ ಕೇಳುತ್ತಿತ್ತು.

“ಅಪ್ಪಾ, ನಾನು ಮನೆಗೆ ವಾಪಸ್ ಬಂದ್ಬಿಡ್ಲಾ?” ಎಂದು ಕೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಬೇರೆ ಯಾವ ಅಪ್ಪನಾದರೂ ಅಳಬೇಡ ಮಗಳೇ ಅನ್ನುತ್ತಿದ್ದ, ಇಲ್ಲವೇ ಅಳಿಯನ ಜನ್ಮ ಜಾಲಾಡುತ್ತಿದ್ದ. ಇವನು “ಸಾಮಾನು ಎಷ್ಟಿದೆ?” ಎಂದ.

“ಏನು?”

“ನಿನ್ನ ಸಾಮಾನು. ದೊಡ್ಡದು ಏನೇನಿದೆ?”

“ಎರಡು ಪೆಟ್ಟಿಗೆ… ಒಂದು ಹೊಲಿಗೆ ಮಷೀನು.” ಕರುಳು ಕಿತ್ತುಬರುವಂತೆ ಅಳುತ್ತಿರುವವಳ ಹತ್ತಿರ ಸಾಮಾನಿನ ಲೆಕ್ಕ! “ಅಪ್ಪಾ, ಬರ್ಲಾ ಬೇಡ್ವಾ?”

ಮತ್ತೆ ಮೋಟಾರಿನ ಸದ್ದು. ಆಮೇಲೆ ಅಪ್ಪ ಅಂದ: “ನೋಡೋಣ.”

ಈ ‘ನೋಡೋಣ’ ಎಂಥ ಮಾತೆಂದು ನಮಗೆಲ್ಲ ಗೊತ್ತಿಲ್ಲವೇ! ಚಂದಾ ಎತ್ತಲು ಬಂದವರಿಗೆ, ಒಲ್ಲದ ಸಂಬಂಧ ತಂದವರಿಗೆ, ಕೆಲಸ ಕೊಡಿಸಿ ಎಂದು ಬೆನ್ನು ಬಿದ್ದವರಿಗೆ ನಾವು ನಗುನಗುತ್ತಾ ಹೇಳಿ ಸಾಗಹಾಕುವುದು ಇದನ್ನೇ. ಬಾಯಿಬಿಟ್ಟು ಇಲ್ಲ ಎನ್ನಲು ಆಗದವರ ‘ಇಲ್ಲ’ ಅದು. ಅವಳಿಗೂ ಹಾಗೇ ಕೇಳಿಸಿತು. ಫೋನಿಟ್ಟಳು. ತಿಂಗಳು ಕಳೆಯುವುದರೊಳಗೆ ಬೇರೆ ಊರಿನಲ್ಲಿ, ಒಂದು ಅಂಗಡಿಯ ಮೇಲೆ ಸಣ್ಣ ರೂಮು ಹಿಡಿದು, “ಇನ್ನು ಬೇಡ ಅಪ್ಪಾ, ನನ್ನ ವ್ಯವಸ್ಥೆ ನಾನು ಮಾಡ್ಕೊಂಡೆ,” ಎಂದು ತಿಳಿಸಿದಳು.

“ಆಯ್ತು,” ಎಂದ ಅಪ್ಪ. ಅಷ್ಟೇ.

ಅಲ್ಲಿಂದಾಚೆ ಬರುತ್ತಿದ್ದಳು, ನೆಂಟರು ಬಂದ ಹಾಗೆ. ಹಾಲ್‌ನಲ್ಲಿ ಕೂತು ಕಾಫಿ ಕುಡಿದು, ಅಮ್ಮನ ಮಂಡಿನೋವು ವಿಚಾರಿಸಿ, ಸಂಜೆ ಬಸ್ಸು ಹತ್ತುತ್ತಿದ್ದಳು. ಅಪ್ಪ ನಿಲ್ದಾಣದವರೆಗೆ ಬರುತ್ತಿದ್ದ. ದಾರಿಯಲ್ಲಿ ಬಸ್ಸಿನ ಬ್ರೇಕಿನ ಬಗ್ಗೆ ಏನಾದರೂ ಹೇಳುತ್ತಿದ್ದ.

*

ಮಧ್ಯಾಹ್ನದ ಹೊತ್ತಿಗೆ ಅಪ್ಪ ಹಾಲ್‌ನ ನಡುವೆ ಮಲಗಿದ್ದ. ಇಷ್ಟು ಜನರ ಮಧ್ಯೆ ಇಷ್ಟು ಹೊತ್ತು ಅವನು ಬದುಕಿದ್ದಾಗ ಎಂದೂ ಇದ್ದವನಲ್ಲ. ಮನೆಗೆ ನಾಲ್ಕು ಜನ ಬಂದರೆ ಸಾಕು, ಯಾವುದೋ ತಿರುಪು ಹುಡುಕುವ ನೆಪದಲ್ಲಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಇವತ್ತು ಪಾಪ, ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಮಾವ ಬಂದವರಿಗೆಲ್ಲ ಹೇಳುತ್ತಿದ್ದ: “ದೇವರಂಥ ಮನುಷ್ಯ. ನನ್ನ ಮಾತಿಗೆ ಒಂದು ದಿನ ಇಲ್ಲ ಅಂದವರಲ್ಲ. ರಾಜಕೀಯ ಹೇಳ್ಲಿ, ಸೈಟಿನ ವಿಷಯ ಹೇಳ್ಲಿ, ‘ಆಯ್ತಾಯ್ತು, ಆಯ್ತಾಯ್ತು’ ಅಂತಿದ್ರು.”

ಮೂಲೆಯಲ್ಲಿ ಕೂತಿದ್ದ ಅಪ್ಪನ ಜೊತೆಗಾರನಿಗೆ ಕೆಮ್ಮು ಬಂತು. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗದ ಈತನನ್ನು ಕಂಪನಿಯಲ್ಲಿ ಎಲ್ಲರೂ ಗ್ರೀಸಣ್ಣ ಎಂದೇ ಕರೆಯುತ್ತಿದ್ದರು. ಕೆಮ್ಮು ಕೆಮ್ಮಲ್ಲ, ನಗು ಎಂದು ಮಗಳಿಗೆ ಗೊತ್ತಾಯಿತು. ಮಾವ ಆಚೆ ಹೋದ ಮೇಲೆ ಅವಳು ನೀರು ತಂದುಕೊಟ್ಟಳು.

“ತಪ್ಪು ತಿಳ್ಕೋಬೇಡಮ್ಮಾ,” ಎಂದ ಗ್ರೀಸಣ್ಣ. “ನಿಮ್ಮಪ್ಪ ‘ಆಯ್ತಾಯ್ತು’ ಅಂದ್ರೆ ‘ಮಾತು ಸಾಕು, ಎದ್ದೋಗು’ ಅಂತ. ನಮ್ಮ ಶೆಡ್ಡಲ್ಲಿ ಎಲ್ಲರಿಗೂ ಗೊತ್ತು. ಕೆಲಸ ಆಗ್ಬೇಕು ಅಂದ್ರೆ ಅವರ ಬಾಯಲ್ಲಿ ‘ನೋಡೋಣ’ ಬರ್ಬೇಕಿತ್ತು.”

“ನೋಡೋಣ ಅಂದ್ರೆ?”

“ನೋಡೋಣ ಅಂದ್ರೆ ನೋಡೋಣ! ಅವರು ಹಾಗಂದ್ರೆ ನಾನು ಟೂಲ್‌ಬಾಕ್ಸ್ ಎತ್ಕೊಳ್ತಿದ್ದೆ. ಒಂದ್ಸಲ ಒಬ್ಬಮ್ಮ ಎರಡು ಮಹಡಿ ನಡುವೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರು. ಒಂದೇ ಸಮ ಅಳು. ಮ್ಯಾನೇಜರು ‘ಸರಿಹೋಗುತ್ತೋ ಇಲ್ವೋ ಹೇಳ್ರೀ’ ಅಂತ ಕುಣೀತಾನೆ. ಇವರು ‘ನೋಡೋಣ’ ಅಂದ್ರು. ಅವನಿಗೆ ಪಿತ್ತ ನೆತ್ತಿಗೇರ್ತು. ಅವನು ಬೈದು ಮುಗಿಸೋಷ್ಟರಲ್ಲಿ ಇವರು ಲಿಫ್ಟಿನ ನೆತ್ತಿ ಮೇಲಿದ್ರು.” ಗ್ರೀಸಣ್ಣ ಒಂದು ಗುಟುಕು ನೀರು ಕುಡಿದ. “ಆಯಮ್ಮನಿಗೆ ಹೆದರಬೇಡಿ ಅಂತ ಒಂದು ಮಾತು ಹೇಳ್ಲಿಲ್ಲ ಮಾರಾಯ್ತಿ. ಸಂದಿಯಿಂದ ಬರೀ ಪ್ರಶ್ನೆ. ಯಾವ ಗುಂಡಿ ಉರೀತಿದೆ, ಫ್ಯಾನು ತಿರುಗ್ತಿದೆಯಾ, ಕೈಯಲ್ಲಿ ಚೀಲ ಇದೆಯಾ, ಭಾರ ಎಷ್ಟು. ಉತ್ತರ ಹೇಳ್ತಾ ಹೇಳ್ತಾ ಆಯಮ್ಮ ಅಳೋದನ್ನೇ ಮರೆತುಬಿಟ್ರು. ನಾನು ಕೇಳಿದ್ದಕ್ಕೆ, ‘ಅಳು ನಿಲ್ಸೋಕೆ ನಂಗೆ ಬರಲ್ಲಯ್ಯಾ, ಲಿಫ್ಟ್ ಇಳಿಸೋಕೆ ಬರುತ್ತೆ’ ಅಂದ್ರು.”

ಎರಡು ಪೆಟ್ಟಿಗೆ, ಒಂದು ಹೊಲಿಗೆ ಮಷೀನು. ಅವಳು ನೆಟ್ಟಗೆ ಅಡುಗೆಮನೆಗೆ ಹೋದಳು.

ಅಮ್ಮ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿಹೋಗಿತ್ತು.

“ಅಮ್ಮಾ, ಅವತ್ತು ಬರ್ಲಾ ಅಂತ ಕೇಳಿದಾಗ ಅಪ್ಪ ನೋಡೋಣ ಅಂದಿದ್ರು.”

“ಹೂಂ. ಅಂದಿರ್ತಾರೆ.”

“ಬೇಡ ಅಂತ ತಾನೇ ಅದರರ್ಥ?”

ಅಮ್ಮ ಅವಳನ್ನೇ ನೋಡಿದಳು. “ಬೇಡ ಅಂದಿದ್ದು ನೀನಲ್ವೇನೇ?”

ಅಮ್ಮ ಎದ್ದು ಅವಳ ಕೈ ಹಿಡಿದು ಅಡುಗೆಮನೆಯ ಆಚೆಗಿದ್ದ ಹಿಂದಿನ ಕೋಣೆಗೆ ಕರೆದೊಯ್ದಳು. ಅಪ್ಪ ತಂತಿ, ರಾಟೆ, ಹಳೆ ಮೋಟಾರುಗಳನ್ನು ತುಂಬಿಟ್ಟುಕೊಂಡಿದ್ದ ಕೋಣೆ ಅದು. ಅಲ್ಲೀಗ ಒಂದು ಮೊಳೆಯೂ ಇರಲಿಲ್ಲ. ಒಂದು ಮಂಚ. ಪೆಟ್ಟಿಗೆ ಇಡಲು ಗೋಡೆಗೆ ಹೊಂದಿಸಿದ ಎರಡು ಹಲಗೆ. ಕಿಟಕಿಯ ಬಲಕ್ಕೆ ಅಗಲ ಕಡಿಮೆಯ ಮೇಜು, ಪಕ್ಕದಲ್ಲೇ ಪ್ಲಗ್ಗು, ಬೆಳಕು ಎಡಗಡೆಯಿಂದ ಬೀಳುವ ಹಾಗೆ. ಎದುರಿನ ಗೋಡೆ ಒಡೆದು ಓಣಿಗೆ ತೆರೆಯುವ ಹೊಸ ಬಾಗಿಲು, ಆಚೆ ಸಿಮೆಂಟಿನ ಮೆಟ್ಟಿಲು.

“ಆ ಬಾಗಿಲು ಯಾಕೆ?”

“ಹಾಲಲ್ಲಿ ಯಾವಾಗ್ಲೂ ನಿನ್ನ ಮಾವ ಕೂತಿರ್ತಾನೆ, ಯಾಕಮ್ಮಾ ಗಂಡನ್ನ ಬಿಟ್ಟು ಬಂದೆ ಅಂತ ಕೇಳ್ದೆ ಇರಲ್ಲ ಅಂದ್ರು. ಅವಳು ಬರ್ತಾ ಹೋಗ್ತಾ ಯಾರಿಗೂ ಜವಾಬು ಕೊಡೋ ಹಾಗಾಗಬಾರದು ಅಂದ್ರು. ರಜಾ ಹಾಕಿ ತಾವೇ ಗೋಡೆ ಒಡೆದ್ರು. ಬಣ್ಣ ಒಣಗೋಷ್ಟರಲ್ಲಿ ಇನ್ನು ಬೇಡ ಅಂತ ನಿನ್ನ ಫೋನ್ ಬಂತು.”

“ನೀನಾದ್ರೂ ಹೇಳ್ಬಾರದಿತ್ತಾ!”

“ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡ್ರು. ಗೊತ್ತಾದ್ರೆ ನಮ್ಮ ಮುಲಾಜಿಗೆ ಬರ್ತಾಳೆ, ಅವಳಿಗೇ ಬೇಕು ಅನ್ನಿಸಿದಾಗ ಬರ್ಲಿ ಅಂದ್ರು. ಆಮೇಲೆ ಒಂದು ಸುತ್ತಿಗೆ ತಂದು ಇಲ್ಲಿ ಇಡ್ಲಿಲ್ಲ. ಸಾಮಾನೆಲ್ಲ ನಮ್ಮ ಮಂಚದ ಕೆಳಗೇ ಇದೆ. ಕಾಲು ಎಡವಿ ಎಡವಿ ನಂಗೆ ಸಾಕಾಗಿದೆ.”

“ಒಂದು ಮಾತು, ಅಮ್ಮಾ. ಬಾ ಅಂತ ಒಂದೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?” ಅವಳಿಗೆ ಸಿಟ್ಟು ಉಕ್ಕಿ ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಇಷ್ಟು ವರ್ಷ ಅಪ್ಪನಿಗೆ ತಾನು ಬೇಡವಾದೆ ಎಂದುಕೊಂಡು ಬದುಕಿದ್ದಳು, ಅಪ್ಪನೂ ಮಗಳಿಗೆ ತಾನು ಬೇಡವಾದೆ ಎಂದುಕೊಂಡೇ ಹೋಗಿಬಿಟ್ಟ.

“ನಾನೂ ಜೀವಮಾನವೆಲ್ಲ ಅದನ್ನೇ ಕೇಳ್ದೆ,” ಎಂದು ಅಮ್ಮ ಅವಳನ್ನು ತಬ್ಬಿಕೊಂಡಳು.

*

ಸ್ಮಶಾನದಲ್ಲಿ ಅವಳು ಮಾತಾಡಲಿಲ್ಲ. ಮಾವನೇ ಮುಂದೆ ಬಂದು ಬಹಳ ಹೊತ್ತು ಮಾತಾಡಿದ. ಭಾವನಿಗೆ ತನ್ನ ಮೇಲೆ ಎಷ್ಟು ಗೌರವವಿತ್ತು ಎಂದು ವರ್ಣಿಸುವಾಗ ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಗ್ರೀಸಣ್ಣ ತಲೆ ಎತ್ತಲಿಲ್ಲ. ಅವಳಿಗೂ ಮಾವನ ಮೇಲೆ ಮೊದಲ ಬಾರಿ ಪ್ರೀತಿ ಬಂತು. ಪಾಪ, ಅವನೂ ತನ್ನಂತೆಯೇ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡಿದ್ದ. ಅವನದು ಸುಖದ ತಪ್ಪು, ಇರಲಿ ಬಿಡು ಎಂದುಕೊಂಡಳು.

ವಾಪಸ್ ಬರುವಾಗ ಮುಂಬಾಗಿಲಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಅವಳು ಓಣಿಯ ಕಡೆಯಿಂದ ಸುತ್ತಿ, ಸಿಮೆಂಟಿನ ಮೆಟ್ಟಿಲು ಹತ್ತಿ ಕೋಣೆಯೊಳಗೆ ಬಂದು ಮಂಚದ ಮೇಲೆ ಕೂತಳು. ಯಾರೂ ಏನೂ ಕೇಳಲಿಲ್ಲ. ಹಾಲ್‌ನಿಂದ ಮಾವನ ದನಿ ಬರುತ್ತಿತ್ತು: “ಎಲ್ಲಿ ಅವಳು? ಬಸ್ಸಿಗೆ ಹೊತ್ತಾಗಲ್ವಾ?”

ಮನೆಯ ಒಳಗಡೆಗಿದ್ದ ಬಾಗಿಲನ್ನು ಹಾಕಿಕೊಳ್ಳೋಣವೆಂದು ಎದ್ದಳು. ಒಳಬದಿಯಲ್ಲಿ ಗಟ್ಟಿಮುಟ್ಟಾದ ಹಿತ್ತಾಳೆಯ ಚಿಲಕವಿತ್ತು. ಬಾಗಿಲು ಎಳೆಯಲು ಆಚೆ ಬದಿಗೆ ಕೈ ಹಾಕಿದಾಗ ಬೆರಳಿಗೆ ಏನೋ ಉಬ್ಬು ತಗ್ಗು ಸಿಕ್ಕಿತು. ಬಗ್ಗಿ ನೋಡಿದಳು. ಮನೆಯವರ ಕಡೆಗಿದ್ದ ಹಳೆಯ ಚಿಲಕವನ್ನು, ಆ ಕಡೆಯಿಂದ ಯಾರೂ ಅವಳಿಗೆ ಬಾಗಿಲು ಹಾಕದಂತೆ, ಅಪ್ಪ ಕಿತ್ತು ತೆಗೆದಿದ್ದ. ಮೊಳೆಯ ತೂತುಗಳಿಗೆ ಒಂದೊಂದಕ್ಕೂ ಮೇಣ ತುಂಬಿ, ಉಜ್ಜಿ, ಮೇಲೆ ಬಣ್ಣ ಬಳಿದಿದ್ದ.