ಕುಕ್ಕರ್ ಡಬ್ಬಿಯ ಚುಕ್ಕಿ

ಎಂ.ಕೆ. ಹುಬ್ಬಳ್ಳಿಯ ಬೇಗಂಬಿಗೆ ಗಂಡನ ಮೇಲೆ ಸಿಟ್ಟು ಬರುವುದು ಹೊಸದೇನಲ್ಲ. ಆದರೆ ಮೊಣಕಾಲು ನೋವಿನಿಂದ ಕಬ್ಬಿನ ಲಾರಿ ಓಡಿಸುವುದು ಬಿಟ್ಟು ಗೌಸಸಾಬ ಮನೆಯಲ್ಲಿ ಕುಳಿತ ಮೇಲೆ ಆ ಸಿಟ್ಟಿಗೆ ಬಿಡುವೇ ಇಲ್ಲದಂತಾಗಿತ್ತು. ಫೋನಿನಲ್ಲಿ ಏನೋ ನೋಡಿ ಅವನು ರಟ್ಟು ಕತ್ತರಿಸುವ ಹುಚ್ಚು ಹಿಡಿಸಿಕೊಂಡಿದ್ದ. ಚಹಾಪುಡಿ, ಸಾಬೂನು, ಚಪ್ಪಲಿ, ಯಾವುದರ ಡಬ್ಬಿಯೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಸ್ಕೇಲು ಹಿಡಿದು ತ್ರಿಕೋನ, ಷಟ್ಕೋನ ಕೊರೆದು, ಅಂಟಿಸಿ ಗೋಡೆಗೆ ತೂಗುಹಾಕುತ್ತಿದ್ದ. ಅವಳು ಹಾಸಿಗೆ ಕೊಡವಿದರೂ ರಟ್ಟಿನ ಚೂರು ಉದುರುತ್ತಿದ್ದವು.

ಗುರುವಾರ ಹೊಸ ಕುಕ್ಕರು ಮುಚ್ಚಳದ ಬದಿಯಿಂದ ಬುಸುಗುಟ್ಟಿತು. ಬೇಳೆ ಬೇಯಲೇ ಇಲ್ಲ. ಬೇಗಂಬಿ ಕಿತ್ತೂರಿನ ಪಾತ್ರೆ ಅಂಗಡಿಯ ವೀರಪ್ಪನಿಗೆ ಫೋನು ಮಾಡಿದಳು.

"ಬದಲಿ ಕೊಡ್ತೇನ್ರಿ ಅಕ್ಕಾರ. ಡಬ್ಬಿ ಅಷ್ಟ ಮರೀಬ್ಯಾಡ್ರಿ. ಅದರ ಮ್ಯಾಲಿನ ನಂಬರ ನಾ ನೋಡಬೇಕು," ಎಂದ ವೀರಪ್ಪ.

ಅಟ್ಟದ ಮೇಲೆ ಡಬ್ಬಿ ಇರಲಿಲ್ಲ.

"ಕುಕ್ಕರ್ ಡಬ್ಬಿ ಎಲ್ಲೈತ್ರಿ?"

ಗೌಸಸಾಬ ತಲೆಯೆತ್ತದೆ ಗೋಡೆಯತ್ತ ಬೆರಳು ತೋರಿಸಿದ. ಅಲ್ಲಿ ನಕ್ಷತ್ರದಂಥ, ಹನ್ನೆರಡು ಮೂಲೆಯ ದೊಡ್ಡ ಚುಕ್ಕಿಯೊಂದು ತೂಗುತ್ತಿತ್ತು.

"ನಂಬರ ಇದ್ದ ತುಂಡು ಕಿತ್ತ ಕೊಡ್ರಿ."

"ಒಂದ ಕಿತ್ತರ ಹನ್ನೆರಡೂ ಉದರತಾವು. ಮೂರ ದಿನ ಕುಂತ ಮಾಡೇನಿ."

"ಹಂಗಾರ ಬ್ಯಾಳಿ ಇದರಾಗ ಕುದಸ್ಲೇನು?"

ಕೊನೆಗೆ ಕುಕ್ಕರಿನ ಜೊತೆ ಚುಕ್ಕಿಯನ್ನೇ ಇಡಿಯಾಗಿ ಕಿತ್ತೂರಿಗೆ ಒಯ್ದರು. ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಗೌಸಸಾಬ ಅದನ್ನು ಮಾಡುವ ಬಗೆ ವಿವರಿಸಿದ. ಬೇಗಂಬಿ ಸೆರಗು ಮುಂದೆಳೆದುಕೊಂಡು, ಆ ಮನುಷ್ಯ ಯಾರೋ ಎಂಬಂತೆ ಕಿಟಕಿಯಾಚೆ ನೋಡುತ್ತ ಕುಳಿತಳು.

ವೀರಪ್ಪ ಚುಕ್ಕಿಯನ್ನು ತಿರುವಿ ಹಿಂಬದಿ ನೋಡಿದ. ನಂಬರಿನ ನಡುವೆಯೇ ಕತ್ತರಿ ಆಡಿತ್ತು. ಅರ್ಧ ಒಂದು ತ್ರಿಕೋನದಲ್ಲಿ, ಅರ್ಧ ಪಕ್ಕದ್ದರಲ್ಲಿ. ಬೇಗಂಬಿ ಕಣ್ಣು ಮುಚ್ಚಿಕೊಂಡಳು. ವೀರಪ್ಪ ಒಂದೊಂದೇ ಅಂಕಿ ಓದತೊಡಗಿದ. ಸೀಳಿದ ಎಂಟು ಕೂಡ ಎಂಟಾಗಿಯೇ ಕೂಡಿಕೊಂಡಿತ್ತು.

"ಏನ ಕೂಡಸೀರಿ ಗೌಸಸಾಬರ. ಕೂದಲೆಳಿ ಸೈತ ಸರದಿಲ್ಲ ನೋಡ್ರಿ," ಎನ್ನುತ್ತ ಅವನು ಹೊಸ ಕುಕ್ಕರು ಇಳಿಸಿಕೊಟ್ಟ. "ಈ ಚುಕ್ಕಿ ಇಲ್ಲೇ ಬಿಟ್ಟ ಹೋಗ್ರಿ. ಅಂಗಡ್ಯಾಗ ಹಾಕತೇನಿ."

ಗೌಸಸಾಬನ ಮುಖ ಅರಳಿತು. "ಅದಕ್ಕೇನ್ರಿ, ಇಟಗೊಳ್ರಿ."

"ಬ್ಯಾಡ್ರಿ," ಎಂದುಬಿಟ್ಟಳು ಬೇಗಂಬಿ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. "ನಮ್ಮ ಗ್ವಾಡಿ ಬೋಳ ಕಾಣತೈತಿ."

ಗಂಡ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳಿಗೆ ಇನ್ನಷ್ಟು ರೇಗಿತು.

"ಏನ ನೋಡತೀರಿ? ಕುಕ್ಕರ್ ಹಿಡೀರಿ."

ಮರಳುವ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಅವನ ಮೊಣಕಾಲಿಗೆಂದು ಅದನ್ನು ಬಿಟ್ಟುಕೊಟ್ಟು, ನೂಕುನುಗ್ಗಲಿನಲ್ಲಿ ನಜ್ಜುಗುಜ್ಜಾಗಬಾರದೆಂದು ಚುಕ್ಕಿಯನ್ನು ತಲೆಯ ಮೇಲೆತ್ತಿ ಹಿಡಿದು, ತೋಳು ಸೋತರೂ ಬೇಗಂಬಿ ನಿಂತೇ ಬಂದಳು. ಊರು ಬರುವ ತನಕ ಅವನನ್ನು ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.