ಹುಸೇನ್‌ಸಾಬರ ಕೈ

ಹಂಡೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಜುಲ್ಫಿಕರ್ ನೀರನ್ನು ಒಮ್ಮೆ ತಿರುವಿದ. ಮೇಲೆ ಸುಡುತ್ತಿತ್ತು. ಈಗಷ್ಟೇ ಸುರಿದ ತಣ್ಣೀರು ತಳಕ್ಕೆ ಹೋಗಿ ಕೂತಿತ್ತು.

“ನೀರು ಹದಕ್ಕ ಬಂದಾವೇನಲೇ?” ಪರದೆಯ ಆಚೆಯಿಂದ ಜಿಲಾನಿಸಾಬ್ ಕೇಳಿದರು. ಗೊರೇಬಾಳದಲ್ಲಿ ಯಾರು ತೀರಿಕೊಂಡರೂ ಮಯ್ಯತ್ತಿಗೆ ಸ್ನಾನ ಮಾಡಿಸುವವರು ಅವರೇ. “ಬಾಳ ಬಿಸಿ ಬ್ಯಾಡ. ಜೀವಂತ ಇದ್ದೋರು ಮೈಮ್ಯಾಲ ಹಾಕ್ಕೊಳ್ಳೋವಂಗ ಇರಲಿ.”

“ಇನ್ನೊಂಚೂರು ತಿರುವ್ತೀನ್ರಿ.”

“ಅವಂಗ ಬಿಡ್ರಿ ಅದನ್ನ,” ಅಂದ ಸೂಗಪ್ಪ. ಅಕ್ಕಿ ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕುವವನು, ಸತ್ತ ಹುಸೇನ್‌ಸಾಬರ ಜೊತೆ ಇಪ್ಪತ್ತು ವರ್ಷ ದುಡಿದವನು. “ಹುಸೇನ್‌ಸಾಬರ ಶಾಗಿರ್ದ ಅದಾನ. ಗುರುವಿನ ಕೈ ಕೆಟ್ಟರೂ ಶಿಷ್ಯನ ಕೈ ಕೆಟ್ಟಿಲ್ಲ.”

ಜುಲ್ಫಿಕರ್ ತಲೆ ಎತ್ತಲಿಲ್ಲ. ಹೊಗಳಿಕೆ ಕೇಳಿ ಇಷ್ಟು ನಾಚಿಕೆಯಾದದ್ದು ಅವನಿಗೆ ಇದೇ ಮೊದಲೇನಲ್ಲ. ನಾಲ್ಕು ವರ್ಷದಿಂದ ಆಗುತ್ತಲೇ ಇತ್ತು, ಅವನು ನುಂಗುತ್ತಲೇ ಇದ್ದ.

ಹೊಸ್ತಿಲಲ್ಲಿ ಕೂತಿದ್ದ ಹುಸೇನ್‌ಸಾಬರ ಹೆಂಡತಿ ಶಂಶಾದ್‌ಬೀ ಅವನನ್ನು ಕರೆದಳು. ಗಂಡ ಬೆಳಗಿನ ಜಾವ ತೀರಿಕೊಂಡಿದ್ದರು. ಅತ್ತು ಅತ್ತು ಅವಳ ದನಿ ಬಿದ್ದಿತ್ತು.

“ಮಿಲ್ಲಿನ್ಯಾಗ ಆ ಟ್ಯಾಂಕಿನ ಭತ್ತ ಕೆಟ್ಟಾಗಿಂದ ಚಾ ಕುಡಿಬೇಕಾದ್ರೂ ನನ್ನ ಕೇಳೋರಪಾ. ‘ಬಿಸಿ ಐತೇನ್ ನೋಡು, ನನ್ನ ಕೈಗೆ ತಿಳಿಯಂಗಿಲ್ಲ’ ಅನ್ನೋರು. ನಿನ್ನೆ ಸೈತ ನಿನ್ನ ಹೆಸರು ತಗೊಂಡ್ರು. ‘ನನ್ನಿಂದ ಹುಡುಗ ಸೇಠ್ ಕಡೆ ಬೈಸ್ಕೋಬೇಕಾತು, ಅವನ ಹಂತ್ಯಾಕ ಮಾಫಿ ಕೇಳ್ರಿ’ ಅಂದ್ರು.”

“ಚಾಚಿ, ಅದು...” ಅನ್ನುವಷ್ಟರಲ್ಲಿ ಒಳಗೆ ಯಾರೋ ನೀರು ಕೇಳಿದರು. ನೆಪ ಸಿಕ್ಕಿತು, ಕೊಡ ಎತ್ತಿಕೊಂಡು ಹೋಗಿಬಿಟ್ಟ.

*

ಸಿಂಧನೂರಿನ ಆ ಮಿಲ್ಲಿನಲ್ಲಿ ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಆಮೇಲೆ ಹಬೆಯಲ್ಲಿ ಬೇಯಿಸುತ್ತಿದ್ದರು. ಟ್ಯಾಂಕು ಎರಡಾಳೆತ್ತರ. ಭತ್ತ, ನೀರು, ಹಬೆಯ ಗುಳ್ಳೆ ಒಂದರೊಳಗೊಂದು ಸೇರಿದ ಮೇಲೆ ಎಲ್ಲಿ ಎಷ್ಟು ಬಿಸಿ ಎಂದು ಮೇಲೆ ನಿಂತವನಿಗೆ ಕಂಡೀತೆ? ಹುಸೇನ್‌ಸಾಬರು ಉದ್ದನೆಯ ಕಬ್ಬಿಣದ ಸರಳನ್ನು ತಳ ಮುಟ್ಟುವ ಹಾಗೆ ಚುಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಹೊರಗೆಳೆದು ಅದರ ಮೇಲೆ ಅಂಗೈ ಜಾರಿಸುತ್ತಿದ್ದರು. “ಮ್ಯಾಲ ಎಪ್ಪತ್ತು, ನಡುವ ಅರವತ್ತೈದು, ತಳಕ್ಕ ಐವತ್ತೂ ಇಲ್ಲ” ಎಂದರೆ ಅಷ್ಟೇ ಇರುತ್ತಿತ್ತು.

ಆಮೇಲೆ ಮೀಟರ್ ಬಂತು. ಒಂದೇ ತಂತಿ, ಅದೂ ಟ್ಯಾಂಕಿನ ಬಾಯಿಯ ಹತ್ತಿರ ಇಳಿಬಿಟ್ಟದ್ದು. ಆ ಜಾಗದ ಬಿಸಿಯಷ್ಟೇ ಅದಕ್ಕೆ ಗೊತ್ತು. ಕೆಂಪು ಅಂಕಿ ಮಾತ್ರ ಭಾರೀ ಗತ್ತಿನಿಂದ ಹೊಳೆಯುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಂದು ದಿನ ಹುಸೇನ್‌ಸಾಬರು ಸರಳು ಮುಟ್ಟಿ ನೋಡಿ ಕೇಳಿದರು: “ಜುಲ್ಫಿ, ತಳ ತಣ್ಣಗೈತಿ. ಕೆಳಗಿನ ಹಬೆ ವಾಲ್ ತಗದೀಯೇನು?”

“ತಗದೀನಿ ಚಾಚಾ.”

ತೆಗೆದಿರಲಿಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಮರೆತಿದ್ದ. ಒಂದು ತಾಸು ಬಿಟ್ಟು ಹುಸೇನ್‌ಸಾಬರು ಮತ್ತೆ ಸರಳು ಚುಚ್ಚಿ ನೋಡಿದರು. “ಇನ್ನೂ ತಣ್ಣಗ ಅನಸ್ತೈತಲ್ಲೋ.”

ವಾಲ್ ಇದ್ದದ್ದು ಇಪ್ಪತ್ತು ಹೆಜ್ಜೆಯ ಮೇಲೆ. ಎದ್ದು ಹೋಗಿ ತಿರುವಿದ್ದರೆ ಮುಗಿಯುತ್ತಿತ್ತು. ಆದರೆ ಎದ್ದರೆ ಮೊದಲು ಹೇಳಿದ್ದು ಸುಳ್ಳು ಅಂತ ಗೊತ್ತಾಗುತ್ತದಲ್ಲ! “ಮೀಟರ್ ನೋಡ್ರಿ, ಎಪ್ಪತ್ತು ಐತಿ. ನಿಮ್ಮ ಕೈಗೆ ವಯಸ್ಸಾತು,” ಅಂದ.

ಹುಸೇನ್‌ಸಾಬರು ಮೀಟರ್ ನೋಡಿದರು. ತಮ್ಮ ಅಂಗೈ ನೋಡಿಕೊಂಡರು. ಸರಳನ್ನು ಗೋಡೆಗೆ ಆನಿಸಿ ಕೂತರು.

ಮರುದಿನ ತಳದ ಭತ್ತ ಹುಳಿತು ನಾರುತ್ತಿತ್ತು. ಮಾಲೀಕ ಬರುವ ಮೊದಲೇ ಜುಲ್ಫಿಕರ್ ಕೆಳಗಿಳಿದು ವಾಲ್ ತೆಗೆದಿಟ್ಟ. ಮಾಲೀಕ ಬಂದವನೇ ಮೊದಲು ಬೈದದ್ದು ಅವನನ್ನೇ. ಹುಸೇನ್‌ಸಾಬರು ನಡುವೆ ಬಂದರು. “ನನ್ನ ಕೈ ಹೋತ್ರಿ ಸೇಠ್. ಹುಡುಗಂದೇನೂ ತಪ್ಪಿಲ್ಲ.”

ಆಗ ಜುಲ್ಫಿಕರನ ಬಾಯಿ ಕಟ್ಟಿಹೋಗಿತ್ತು ಅನ್ನೋಣವೆ? ಎಲ್ಲಿಯ ಮಾತು! ಅದೇ ಬಾಯಿಂದ “ಹೌದ್ರಿ” ಅಂದಿದ್ದ. ತಿಂಗಳೊಳಗೆ ಹುಸೇನ್‌ಸಾಬರ ಕೆಲಸ ಅವನಿಗೇ ಬಂತು.

*

ಜನಾಜಾ ನಮಾಜಿಗೆ ಸಾಲು ನಿಂತಿತ್ತು. ಹುಸೇನ್‌ಸಾಬರ ಮಗ ಹಫೀಜ್ ಮುಂದೆ ಬಂದು ಕೈ ಜೋಡಿಸಿದ. ಸಿಂಧನೂರಿಗೆ ಆಟೋ ಹೊಡೆಯುವ ಹುಡುಗ, ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಿಲ್ಲ.

“ನಮ್ಮ ಅಬ್ಬಾ ಯಾರಿಗರ ಏನರ ನೋವು ಮಾಡಿದ್ರ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಅಂತು ಸಾಲು.

ಹಫೀಜ್ ನೇರ ಜುಲ್ಫಿಕರನ ಹತ್ತಿರ ಬಂದ. “ಭಾಯಿ, ನೀ ಬ್ಯಾರೆ ಅನಬೇಕು. ಅಬ್ಬಾಗ ಅದೇ ಚಿಂತಿ ಹತ್ತಿತ್ತು.”

ಎಲ್ಲರೂ ತಿರುಗಿ ನೋಡಿದರು. ಜುಲ್ಫಿಕರನ ಕಿವಿ ಬಿಸಿಯಾದವು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಆದರೂ ಪುಣ್ಯಾತ್ಮ ಅಂದೇಬಿಟ್ಟ. “ಮಾಫ್ ಮಾಡೀನಿ.”

ಹಫೀಜ್ ಅವನನ್ನು ತಬ್ಬಿಕೊಂಡು ಅತ್ತ. ಸೂಗಪ್ಪ ಬೆನ್ನು ತಟ್ಟಿ, “ದೊಡ್ಡ ಮನಸು ನಿಂದು,” ಅಂದ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ಜುಲ್ಫಿಕರ್ ಒಳಗೊಳಗೇ ಬೈದುಕೊಂಡ.

ಖಬರ್‌ಸ್ತಾನದಲ್ಲಿ ಹಫೀಜ್ ಗುಂಡಿಗೆ ಇಳಿದು ಮೇಲೆ ನೋಡಿದ. “ನೀನೂ ಇಳಿ ಭಾಯಿ. ಅಬ್ಬಾಗ ನೀನೂ ಮಗ ಇದ್ದಂಗ.”

ಜುಲ್ಫಿಕರ್ ಇಳಿದ. ಮೇಲಿನವರು ಮಯ್ಯತ್ ಇಳಿಬಿಟ್ಟರು. ತಲೆಯ ಕಡೆ ಹಫೀಜ್, ಕಾಲಿನ ಕಡೆ ಅವನು. ಹುಸೇನ್‌ಸಾಬರು ಇಷ್ಟು ಹಗುರ ಇದ್ದಾರೆಂದು ಅವನು ಅಂದುಕೊಂಡಿರಲಿಲ್ಲ. ಇನ್ನು ತಡೆಯಲು ಆಗಲಿಲ್ಲ.

“ಹಫೀಜ್, ಅವರ ಕೈ ಕೆಟ್ಟಿದ್ದಿಲ್ಲೋ.”

“ಈಗ್ಯಾಕ ಆ ಮಾತು? ಹಗೂರಕ ಇಳಸು.”

“ತಳ ಖರೇನ ತಣ್ಣಗಿತ್ತು. ವಾಲ್ ನಾ ತಗದಿದ್ದಿಲ್ಲ. ತಗದೀನಂತ ಸುಳ್ಳು ಹೇಳಿ, ಮ್ಯಾಲ ಮೀಟರ್ ತೋರಿಸಿದೆ. ಅವರು ನನ್ನ ಮಾತು ನಂಬಿದ್ರು, ತಮ್ಮ ಕೈ ನಂಬಲಿಲ್ಲ.”

ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ಹೊಡೆಯಬೇಕೆಂದರೆ ಹಫೀಜನ ಎರಡೂ ಕೈಯಲ್ಲಿ ಅಪ್ಪ ಇದ್ದ. ಬಿಡುವಂತಿರಲಿಲ್ಲ. ಇಬ್ಬರೂ ಮೆಲ್ಲಗೆ ಬಗ್ಗಿ ಮಲಗಿಸಿದರು. ಹಫೀಜ್ ಕಫನಿನ ಗಂಟು ಬಿಚ್ಚಿ, ಮುಖವನ್ನು ಪಶ್ಚಿಮಕ್ಕೆ ಹೊರಳಿಸಿ, ಕಿವಿಯ ಹತ್ತಿರ ಬಾಯಿ ತಂದ.

“ಅಬ್ಬಾ, ತಣ್ಣಗ ಇತ್ತಂತ. ನಿಮ್ಮ ಕೈ ಬರೋಬರಿ ಇತ್ತಂತ ಅಬ್ಬಾ.”

ಮೂರು ಸಲ ಹೇಳಿದ. ಆಮೇಲೆ ಎದ್ದು ಕೈ ಚಾಚಿದ. ನಾಲ್ಕು ಕೈಗಳು ಅವನನ್ನು ಮೇಲೆಳೆದುಕೊಂಡವು.

ಜುಲ್ಫಿಕರನೂ ಕೈ ಚಾಚಿದ. ಗುಂಡಿಯ ಅಂಚಿನಲ್ಲಿ ಸೂಗಪ್ಪ ನಿಂತಿದ್ದ, ಹಫೀಜ್ ನಿಂತಿದ್ದ. ಜಿಲಾನಿಸಾಬರು ಮೊದಲ ಕಲ್ಲುಚಪ್ಪಡಿಗೆ ಕೈಹಚ್ಚಿ, ಅವನು ಹೊರಗೆ ಬರಲೆಂದು ಕಾಯುತ್ತಿದ್ದರು. ಜುಲ್ಫಿಕರ್ ಎತ್ತಿದ ಕೈ ಯಾರೂ ಹಿಡಿಯದೆ ಎತ್ತಿದ ಹಾಗೇ ಇತ್ತು.